ತವರು ಕೂಡಿಸಿದ ಅತ್ತೆ

ಅತ್ತೆಯ ಬಲಗಿವಿಯ ಹಾಲೆ ನಡುವೆ ಸೀಳಿ ಎರಡು ತುಂಡಾಗಿ ನೇತಾಡುತ್ತಿತ್ತು. ಎಳೆ ವಯಸ್ಸಿನಲ್ಲಿ ಹಾಲು ಕರೆಯಲು ಕೂತಿದ್ದಾಗ ಕರು ಓಲೆಗೆ ಬಾಯಿ ಹಾಕಿ ಎಳೆದದ್ದಂತೆ. ಗಾಯ ಹಾಗೇ ಒಣಗಿ, ಎರಡು ತುದಿಯೂ ಗಂಟುಕಟ್ಟಿ, ಅವಳು ತಲೆ ಆಡಿಸಿದಾಗೆಲ್ಲ ಒಂದೊಂದು ತುಂಡು ಒಂದೊಂದು ಕಡೆಗೆ ಅಲ್ಲಾಡುತ್ತಿತ್ತು. ಎಡಗಿವಿಯಲ್ಲಿ ಮಾತ್ರ ಕೆಂಪು ಕಲ್ಲಿನ ಓಲೆ. ಸೀಳಿದ ಕಿವಿಯನ್ನು ಹೊಲಿಸಿಕೊಳ್ಳಬಾರದೇ ಎಂದು ಯಾರಾದರೂ ಕೇಳಿದರೆ, "ಓಲೆ ಇಲ್ಲಾಂದ್ರೆ ಕಿವಿ ಕೇಳಾಕಿಲ್ವಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಏನಾದರೂ ಗಟ್ಟಿಯಾಗಿ ಯೋಚನೆ ಮಾಡುವಾಗ ಆ ಎರಡು ತುಂಡನ್ನೂ ಬೆರಳಲ್ಲಿ ಹಿಡಿದು ಉಜ್ಜುತ್ತಾ ಕೂರುವಳು. ಆಗ ಹತ್ತಿರ ಹೋಗಿ ಮಾತಾಡಿಸಿದರೆ ಬೈಗುಳ ಗ್ಯಾರಂಟಿ.

ಅವಳು ನನ್ನ ಅಪ್ಪನ ಅಕ್ಕ. ಆಮೇಲೆ ಅವಳ ಮಗನಿಗೇ ನನ್ನನ್ನು ಕೊಟ್ಟರು. ಹಾಗಾಗಿ ಎರಡು ಲೆಕ್ಕದಲ್ಲೂ ಅತ್ತೆಯೇ. ಗಂಡನ ತಾಯಿಯನ್ನು ಅವಳು ಇವಳು ಅನ್ನುತ್ತೀಯಲ್ಲ ಎಂದು ಈಗಿನ ಹುಡುಗಿಯರು ನನ್ನನ್ನು ಆಕ್ಷೇಪಿಸುತ್ತಾರೆ. ತೊಡೆಯ ಮೇಲೆ ಕೂರಿಸಿಕೊಂಡು ಹೇನು ತೆಗೆದವಳನ್ನು ಮದುವೆಯಾದ ಮರುದಿನದಿಂದ ಬಹುವಚನದಲ್ಲಿ ಕರೆಯಲು ನನ್ನಿಂದ ಆಗಲಿಲ್ಲ. ಅವಳೂ ಕೇಳಲಿಲ್ಲ.

ಮನೆ ಮತ್ತಿಗಿರಿಯ ಹತ್ತಿರದ ಹಳ್ಳಿಯಲ್ಲಿ. ಗಂಡ ಬೇಗ ಸತ್ತಿದ್ದ. ಹೊಲ, ದನ, ಮಗ, ಎಲ್ಲವನ್ನೂ ತಾನೇ ನಿಭಾಯಿಸಿದವಳು. ಎತ್ತುಗಳನ್ನು ತೆಲುಗಿನಲ್ಲಿ ಗದರುತ್ತಿದ್ದಳು, ಹೊಸೂರಿನ ಕಚೇರಿಯಲ್ಲಿ ತಮಿಳು ಮಾತಾಡುತ್ತಿದ್ದಳು, ದೇವರಿಗೂ ನನಗೂ ಕನ್ನಡ. ಬೆಳಿಗ್ಗೆ ಎದ್ದ ತಕ್ಷಣ ಅಂಗಳದಲ್ಲಿ ನಿಂತು, ಅವತ್ತು ಆಗಬೇಕಾದ ಕೆಲಸವನ್ನೆಲ್ಲ ಯಾರಿಗೋ ಆಜ್ಞೆ ಕೊಟ್ಟ ಹಾಗೆ ಜೋರಾಗಿ ಹೇಳುವಳು. ಆಮೇಲೆ ಅಷ್ಟನ್ನೂ ತಾನೇ ಮಾಡುವಳು. "ಹಿಡ್ದ್ ಮ್ಯಾಲೆ ಬುಡಾಕಿಲ್ಲ ನಾನು" ಎಂಬುದು ಅವಳ ಮಾತು. ಸೌದೆ ಹೊರೆಗೂ ಅದೇ, ಜಗಳಕ್ಕೂ ಅದೇ. ಇಂಥವಳನ್ನು ಸೋಲಿಸಿದ್ದು ಒಂದೇ ವಿಷಯ, ಅವಳ ತವರು.

ತವರು ಎಂದರೆ ಇಬ್ಬರು ತಮ್ಮಂದಿರು. ದೊಡ್ಡವನು ನನ್ನ ದೊಡ್ಡಪ್ಪ, ಅವಲಪಲ್ಲಿಯಲ್ಲಿ ಹಳೇ ಮನೆಯಲ್ಲೇ ಇದ್ದ. ಕಿರಿಯವನು ನನ್ನ ಅಪ್ಪ. ನಮ್ಮಲ್ಲಿ ಅಪ್ಪ ಸತ್ತರೆ ಹಿರಿಮಗ ಕೊಳ್ಳಿ ಇಡಬೇಕು, ತಾಯಿ ಸತ್ತರೆ ಕಿರಿಮಗ. ಅಜ್ಜಿ ಸತ್ತ ದಿನ ಅಪ್ಪ ಎತ್ತು ಕೊಳ್ಳಲು ದೂರದ ಸಂತೆಗೆ ಹೋಗಿದ್ದ. ಹೇಳಿ ಕಳಿಸಿದವರಿಗೆ ಅವನು ಸಿಗಲಿಲ್ಲ. ಬೇಸಿಗೆ. ಹೆಣ ಕೆಡುತ್ತಿತ್ತು. ದೊಡ್ಡಪ್ಪ ಮಾರನೆಯ ದಿನದವರೆಗೂ ದಾರಿ ನೋಡಿ, ಕೊನೆಗೆ ತಾನೇ ಕೊಳ್ಳಿ ಇಟ್ಟ. ಅಪ್ಪ ಹೊಸ ಎತ್ತು ಹೊಡೆದುಕೊಂಡು ಊರಿಗೆ ಬಂದಾಗ ಸುಡುಗಾಡಿನಲ್ಲಿ ಬೂದಿ ಇನ್ನೂ ಬಿಸಿಯಾಗಿತ್ತಂತೆ. ಅಪ್ಪ ಏನೂ ಕೂಗಾಡಲಿಲ್ಲ. "ನನ್ನ ಅವ್ವನ ಬೆಂಕಿ ಕಿತ್ಕೊಂಡೆ. ಇನ್ ನಿನ್ನ ಮನೇಲಿ ನೀರು ಮುಟ್ಟಾಕಿಲ್ಲ" ಎಂದ. ಪಾಲು ತಗೊಂಡು, ನಮ್ಮನ್ನು ಕಟ್ಟಿಕೊಂಡು, ಅಂಚೆಟ್ಟಿ ಕಡೆಯ ಕಾಡು ಹಳ್ಳಿಗೆ ಹೋಗಿಬಿಟ್ಟ. ನಾನಾಗ ಚಿಕ್ಕವಳು. ದೊಡ್ಡಪ್ಪನ ಮನೆಯ ನೀರಿನ ರುಚಿ ಹೇಗಿತ್ತೆಂಬುದೇ ನನಗೆ ಮರೆತುಹೋಯಿತು.

ಅಂದಿನಿಂದ ಅತ್ತೆ ಎರಡೂ ಮನೆಗೆ ಹೋಗುವಳು, ಎರಡೂ ಕಡೆ ಜಗುಲಿಯ ಮೇಲೆ ಕೂತು ಮಾತಾಡುವಳು, ಎಲ್ಲೂ ಒಂದು ಗುಟುಕು ನೀರು ಕುಡಿಯದೆ ಎದ್ದು ಬರುವಳು. ಒಬ್ಬನ ಮನೆಯಲ್ಲಿ ಕುಡಿದರೆ ಇನ್ನೊಬ್ಬನಿಗೆ ನೋವಾಗುತ್ತದೆ ಎಂದು. ಅಂಚೆಟ್ಟಿಯ ದಾರಿಯಲ್ಲಿ ಬಿಸಿಲಲ್ಲಿ ನಡೆದು ಬಂದು, ನಾಲಿಗೆ ಒಣಗಿ, ನನ್ನ ಅವ್ವ ಕೊಟ್ಟ ಮಜ್ಜಿಗೆಯನ್ನು ಪಕ್ಕಕ್ಕೆ ಸರಿಸಿ ಕೂತಿದ್ದು ನನ್ನ ಕಣ್ಣಲ್ಲಿದೆ. "ಎರಡು ತವರೈತೆ ಕಣೆ ನಂಗೆ. ಎರಡ್ರಲ್ಲೂ ಬಾಯಾರ್ಕೆ" ಎಂದು ನನ್ನ ಮುಂದೆ ಒಂದು ಸಲ ಅಂದಳು. ಅಂದು ನಕ್ಕಳು. ನನಗೆ ನಗು ಬರಲಿಲ್ಲ.

ಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಅಕ್ಕಿಗೆ ರೇಷನ್ನು. ಬಸ್ಸುಗಳು ಪೆಟ್ರೋಲಿಲ್ಲದೆ ಹಿಂದೆ ಇದ್ದಿಲ ಒಲೆ ಕಟ್ಟಿಕೊಂಡು ಏರು ಬಂದಲ್ಲೆಲ್ಲ ನಿಂತುಬಿಡುತ್ತಿದ್ದವು. ಇಂಥ ಕಾಲದಲ್ಲಿ ಅತ್ತೆ ಒಂದು ಸಂಜೆ ಕಿವಿ ಉಜ್ಜುವುದನ್ನು ನಿಲ್ಲಿಸಿ, "ಎಲ್ರುನೂ ಕಾವೇರಿಪಟ್ಣಕ್ಕೆ ಕರ್ಕೊಂಡೋಯ್ತೀನಿ" ಎಂದಳು. ನನ್ನ ಗಂಡ ಉಣ್ಣುತ್ತಿದ್ದವನು ಮುದ್ದೆ ಮುರಿಯುವುದನ್ನು ಬಿಟ್ಟು ಅವಳ ಮುಖ ನೋಡಿದ.

ಅವಳ ಯೋಚನೆ ಸುಮ್ಮನೆ ಬಂದದ್ದಲ್ಲ. ಕಾವೇರಿಪಟ್ಟಣ ಕೃಷ್ಣಗಿರಿಯಿಂದಾಚೆ ಪೆಣ್ಣೆ ಹೊಳೆಯ ದಂಡೆಯ ಹಳೇ ಊರು. ಹಿಂದಿನ ಕಾಲದ ಯುದ್ಧಗಳಲ್ಲಿ ಕೈಯಿಂದ ಕೈಗೆ ಹೋದ ಕೋಟೆ ಅಲ್ಲಿತ್ತು, ಆಗ ಮಣ್ಣಿನ ದಿಬ್ಬವಾಗಿ ಉಳಿದಿತ್ತು. ಅಜ್ಜಿ ಹುಟ್ಟಿದ್ದು ಆ ಊರಲ್ಲಿ. ಅಣ್ಣ ತಮ್ಮ ಇಬ್ಬರೂ ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯುವುದಿಲ್ಲ. ತಾಯಿಯ ತವರೂರು ಯಾರ ಹೊಸ್ತಿಲೂ ಅಲ್ಲ. ಅಲ್ಲಿ ಹೊಳೆಯಲ್ಲಿ ಅಜ್ಜಿಗೆ ಇಬ್ಬರೂ ಸೇರಿ ಎಡೆ ಇಡಬೇಕು, ಆಮೇಲೆ ನೀರು ಕೂಡಬೇಕು.

ನೀರು ಕೂಡುವುದು ಎಂದರೆ ನಮ್ಮ ಮನೆತನದಲ್ಲಿ ಒಂದು ಪದ್ಧತಿ. ನೀರು ಬಿಟ್ಟವರು ಬರೀ ಮಾತಾಡಿಬಿಟ್ಟರೆ ರಾಜಿ ಆದಂತಲ್ಲ. ಇಬ್ಬರೂ ಸೇರಿ ಹೊಳೆಯ ಮರಳಲ್ಲಿ ಕೈಯಿಂದಲೇ ಚಿಲುಮೆ ತೋಡಬೇಕು. ಒಸರಿದ ನೀರನ್ನು ಒಂದೇ ಕೊಡಕ್ಕೆ ತುಂಬಿ, ಅವನ ಬೊಗಸೆಗೆ ಇವನು, ಇವನ ಬೊಗಸೆಗೆ ಅವನು ಹುಯ್ಯಬೇಕು. ಬಳಿಕ ಎರಡೂ ಮನೆಯವರೆಲ್ಲ ಆ ಕೊಡದಲ್ಲೇ ಕುಡಿಯಬೇಕು. ಆಮೇಲೆ ಮಾತ್ರ ಒಂದೇ ಪಂಕ್ತಿಯಲ್ಲಿ ಊಟ.

ಇದಕ್ಕೆ ತಮ್ಮಂದಿರನ್ನು ಒಪ್ಪಿಸಲು ಅತ್ತೆ ಪಟ್ಟ ಪಾಡು ಹೇಳಿದರೆ ನಗು ಬರುತ್ತದೆ. ಅಪ್ಪನ ಹತ್ತಿರ ಹೋಗುವಾಗ ನಾನೂ ಜೊತೆಗಿದ್ದೆ. ಅಪ್ಪ ಹಗ್ಗ ಹೊಸೆಯುತ್ತಾ ತಲೆ ಎತ್ತದೆ, "ಅವ್ನು ಬಂದ್ರೆ ನಾನ್ ಬರಾಕಿಲ್ಲ. ಅವ್ನು ಬರ್ದೆ ಇದ್ರೆ ನಾನ್ಯಾಕೆ ಬರ್ಲಿ?" ಎಂದ.

"ಲೇ, ನೀನು ಹೇಳಿದ್ದು ನಿಂಗಾದ್ರೂ ಅರ್ಥ ಆಯ್ತೇನ್ಲಾ?" ಎಂದಳು ಅತ್ತೆ.

ಅಪ್ಪನ ತುಟಿ ಅಲುಗಿತು. ಅಷ್ಟರಲ್ಲೇ ಅವಳಿಗೆ ಗೊತ್ತಾಯಿತು, ಇವನು ಬರುತ್ತಾನೆ ಎಂದು.

ದೊಡ್ಡಪ್ಪ ಇನ್ನೂ ಬಿಗಿ. "ನಾನೇನು ತಪ್ಪು ಮಾಡಿಲ್ಲಕ್ಕ. ತಪ್ಪು ಮಾಡ್ದೋನು ರಾಜಿಗೆ ಬತ್ತಾನೆ" ಎಂದನಂತೆ. "ನಿನ್ನ ರಾಜಿಗೆ ಯಾವನ್ಲಾ ಕರೆದ? ಅವ್ವನ ಎಡೆಗೆ ಬಾ" ಎಂದು ಅತ್ತೆ ಮಾತು ಮುಗಿಸಿ ಬಂದಿದ್ದಳು.

ಆಮೇಲೆ ಗಾಡಿಯ ತಕರಾರು. ಯಾರ ಗಾಡಿ ಮುಂದೆ ಹೋಗಬೇಕು? ಹಿರಿಯವನು ನಾನು ಎಂದು ದೊಡ್ಡಪ್ಪ. ಅವನ ದೂಳು ಕುಡಿಯಲಾರೆ ಎಂದು ಅಪ್ಪ. ಮುಂದೆ ನನ್ನ ಗಾಡಿ ಎಂದಳು ಅತ್ತೆ. ಹಾಗಾದರೆ ಅದರ ಹಿಂದೆ ಯಾರದು? ಶೂಳಗಿರಿಯವರೆಗೆ ದೊಡ್ಡಪ್ಪನದು, ಅಲ್ಲಿಂದಾಚೆ ಅಪ್ಪನದು ಎಂದು ತೀರ್ಮಾನವಾಯಿತು. ಅಡುಗೆ ಯಾರದು? ಎರಡೂ ಮನೆಯ ಹೆಂಗಸರು ಒಲೆ ಮುಟ್ಟುವಂತಿಲ್ಲ, ಅತ್ತೆಯೇ ಬೇಯಿಸಬೇಕು. ರಾಗಿ ಆ ಮನೆಯದು, ಬೆಲ್ಲ ಈ ಮನೆಯದು. ಹೊರಡುವ ಮುಂಚಿನ ದಿನಗಳಲ್ಲಿ ಅವಳು ನಿದ್ದೆಯಲ್ಲೂ ಮಾತಾಡುತ್ತಿದ್ದಳು. ಅವಳನ್ನು ಅಷ್ಟು ಖುಷಿಯಾಗಿ ನಾನು ಹಿಂದೆ ನೋಡಿರಲಿಲ್ಲ, ಮುಂದೆಯಂತೂ ನೋಡಲೇ ಇಲ್ಲ.

ದಾರಿಯುದ್ದಕ್ಕೂ ಅಣ್ಣ ತಮ್ಮ ಮಾತಾಡಲಿಲ್ಲ. ಆದರೆ ಶೂಳಗಿರಿಯಲ್ಲಿ ಗಾಡಿಗಳ ಸಾಲು ಬದಲಿಸುವಾಗ ಅಪ್ಪನ ಎತ್ತೊಂದು ಮುಗ್ಗರಿಸಿತು. ದೊಡ್ಡಪ್ಪ ಓಡಿಬಂದು ನೊಗಕ್ಕೆ ಹೆಗಲು ಕೊಟ್ಟ. ಕೊಟ್ಟವನೇ ಏನೂ ಆಗದವನಂತೆ ಹಿಂದಕ್ಕೆ ಹೋದ. ಅತ್ತೆ ನನ್ನ ತೋಳು ಜಿಗುಟಿದಳು. ಕೃಷ್ಣಗಿರಿ ದಾಟುವಾಗ ನಾನು ಹೊರಗಾದೆ. ತಿಂಗಳ ಲೆಕ್ಕ ತಪ್ಪಿ ಮುಂಚೆಯೇ ಬಂದಿತ್ತು. ಎಡೆಯ ಹತ್ತಿರ ಸುಳಿಯುವಂತಿಲ್ಲ, ಕೊಡ ಮುಟ್ಟುವಂತಿಲ್ಲ. ನನಗೆ ಅಳುವೇ ಬಂತು.

ಕಾವೇರಿಪಟ್ಟಣದಲ್ಲಿ ಹೊಳೆ ಬತ್ತಿ ಬರೀ ಮರಳಾಗಿತ್ತು. ಅಲ್ಲೊಂದು ಇಲ್ಲೊಂದು ಮಡುವಿನಲ್ಲಿ ಮಾತ್ರ ನೀರು. ದಂಡೆಯ ಛತ್ರದಲ್ಲಿ ಇಳಿದೆವು. ಬೆಳಿಗ್ಗೆ ಅಣ್ಣ ತಮ್ಮ ಎದುರುಬದುರು ಮೊಣಕಾಲೂರಿ ಮರಳು ತೋಡಿದರು. ಮೊದಲು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗುಂಡಿ ಆಳವಾದಂತೆ ತಲೆಗಳು ಹತ್ತಿರ ಬಂದವು. ಕೈಗೆ ಕೈ ತಾಗಿತು. ನೀರು ಒಸರಿದಾಗ ಅತ್ತೆ ಕೊಡ ತುಂಬಿ ದಂಡೆಯ ಮೇಲಿಟ್ಟಳು. ಎಡೆಗೆ ಮುಂಚೆ ಮೀಯಬೇಕೆಂದು ದೊಡ್ಡಪ್ಪ ಮತ್ತು ಉಳಿದವರೆಲ್ಲ ದೂರದ ಮಡುವಿಗೆ ಹೋದರು. ಅತ್ತೆ ಎಡೆಯ ಅಡುಗೆಗೆ ಮೂರು ಕಲ್ಲು ಹೂಡುತ್ತಿದ್ದಳು. ನಾನು ಹೊಂಗೆ ಮರದ ಕೆಳಗೆ ಒಬ್ಬಳೇ ಕೂತಿದ್ದೆ.

ಆಗ ಛತ್ರ ನೋಡಿಕೊಳ್ಳುವ ಮುದುಕ ಬಂದ. "ಅಮ್ಮಾ, ತಣ್ಣಿ ಕಾಯ್ಚಿ ಕುಡಿಂಗಮ್ಮಾ" ಎಂದ. ನೀರು ಕಾಯಿಸಿ ಕುಡಿಯಿರಿ, ಹೊಳೆಯ ಮೇಲಿನ ಹಳ್ಳಿಯಲ್ಲಿ ಕಾಲರಾ ಬಿದ್ದಿದೆ, ಜನ ಸಾಯುತ್ತಿದ್ದಾರೆ ಎಂದು ತಮಿಳಿನಲ್ಲಿ ಹೇಳಿ ಹೋದ. ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. ಕೊಡದ ನೀರನ್ನು ಹಂಡೆಗೆ ಸುರಿದು ಒಲೆಯ ಮೇಲಿಟ್ಟು ಉರಿ ಜೋರು ಮಾಡಿದಳು.

ನೀರು ಕುದಿದು, ಅವಳು ಅದನ್ನು ಇಳಿಸುವ ಹೊತ್ತಿಗೆ ಅಪ್ಪ ಎಲ್ಲರಿಗಿಂತ ಮುಂಚೆ ಮಿಂದು ಬಂದ. ಒದ್ದೆ ಪಂಚೆಯಲ್ಲೇ ನಿಂತುಬಿಟ್ಟ.

"ಏನಕ್ಕ ಇದು?"

"ಊರಲ್ಲಿ ವಾಂತಿಭೇದಿ ಅಂತೆ ಕಣ್ಲಾ. ಕಾಯ್ಸಿವ್ನಿ. ಆರ್ಲಿ, ಕುಡಿಯೋರಂತೆ."

"ಕೂಡೋ ನೀರಿಗೆ ಬೆಂಕಿ ಇಕ್ಕಿದ್ಯಾ?"

"ನೀರೇ ಅಲ್ವೇನ್ಲಾ ಅದು?"

ಅಪ್ಪನ ದನಿ ಏರಲಿಲ್ಲ. ಅವನಿಗೆ ಸಿಟ್ಟು ಬಂದರೆ ದನಿ ಇಳಿಯುತ್ತಿತ್ತು. "ಅವ್ವನ್ನ ನನ್ ಕೈ ತಪ್ಸಿ ಬೆಂಕಿಗೆ ಕೊಟ್ರಿ. ಈಗ ನೀರಿಗೂ ಬೆಂಕಿ. ಬೆಂಕಿ ಮುಟ್ಟಿದ್ದು ನಂಗ್ ಬ್ಯಾಡಕ್ಕ. ನೀವೆಲ್ಲ ಕುಡೀರಿ" ಎಂದು ಟವೆಲು ಹೆಗಲಿಗೆ ಹಾಕಿಕೊಂಡು ಗಾಡಿಯ ಕಡೆ ತಿರುಗಿದ.

ಅತ್ತೆ ಒಲೆಯ ಮುಂದೆ ನಿಂತಿದ್ದಳು. ಅವಳ ಕೈ ಕಿವಿಗೆ ಹೋಗಿತ್ತು. ಅಪ್ಪ ಗಾಡಿಯ ಹತ್ತಿರ ಹೋಗಿ ಎತ್ತಿನ ಹಗ್ಗಕ್ಕೆ ಕೈ ಹಾಕಿದ. ಆ ಕಡೆ ಮಡುವಿನಿಂದ ಉಳಿದವರು ಬರುತ್ತಿರುವ ಮಾತು ಕೇಳಿಸಿತು. ಇನ್ನು ತಡ ಮಾಡಿದರೆ ದೊಡ್ಡಪ್ಪ ಬಂದು ನೋಡುತ್ತಾನೆ, ತಮ್ಮ ಎತ್ತು ಹೂಡುತ್ತಿದ್ದಾನೆ. ಆಮೇಲೆ ಈ ಜನ್ಮದಲ್ಲಿ ಇವರಿಬ್ಬರೂ ಸೇರುವುದಿಲ್ಲ.

"ಬಾರ್ಲಾ," ಎಂದಳು ಅತ್ತೆ. "ಕಾಯ್ಸಿದ್ದು ಬ್ಯಾಡ. ಬಾ."

ಹಂಡೆಯ ನೀರನ್ನು ಮರಳಿಗೆ ಸುರಿದಳು. ಪೂರ್ತಿ ಸುರಿಯಲಿಲ್ಲ. ನನ್ನ ಕಡೆ ನೋಡಿ, ನಾನು ಬೇರೆಯಾಗಿ ಇಟ್ಟುಕೊಂಡಿದ್ದ ತಾಮ್ರದ ಬಿಂದಿಗೆಗೆ ದೂರದಿಂದಲೇ ಎತ್ತಿ ಹುಯ್ದಳು. "ಇದ್ನೇ ಕುಡಿ. ಹೊರಗಾದೋರಿಗೆ ಬಿಸ್ನೀರು ಒಳ್ಳೇದು. ಬ್ಯಾರೆ ನೀರು ಮುಟ್ಬ್ಯಾಡ, ಕೇಳುಸ್ತಾ?" ಎಂದಳು. ಆಮೇಲೆ ಚಿಲುಮೆಗೆ ಇಳಿದು ಕೊಡವನ್ನು ಮತ್ತೆ ತುಂಬಿದಳು.

ಎಡೆ ಆಯಿತು. ಅಪ್ಪನ ಬೊಗಸೆಗೆ ದೊಡ್ಡಪ್ಪ ನೀರು ಹುಯ್ದ. "ಅವತ್ತು ಬಿಸ್ಲು ಕಣ್ಲಾ. ಅವ್ವನ್ನ ಮಡಗಾಕಾಗ್ಲಿಲ್ಲ. ಮಾರ್ನೆ ದಿನದಗಂಟ ನಿನ್ ದಾರಿ ನೋಡ್ದೆ" ಎಂದ. ಅಪ್ಪ ನೀರು ಕುಡಿದು ಬಾಯಿ ಒರೆಸಿಕೊಂಡು, "ಗೊತ್ತು ಬುಡಣ್ಣ" ಎಂದು ಅಣ್ಣನ ಬೊಗಸೆಗೆ ಹುಯ್ದ. ಇಷ್ಟೇ ಮಾತು. ಇದನ್ನು ಆಡಲು ಇಷ್ಟು ವರ್ಷ ಬೇಕಾಯಿತಲ್ಲ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಎಲ್ಲರೂ ಕುಡಿದರು. ದೊಡ್ಡಮ್ಮ, ದೊಡ್ಡಪ್ಪನ ಮಗ, ಅವನ ಹೆಂಡತಿ, ನನ್ನ ಅವ್ವ, ನನ್ನ ಒಬ್ಬನೇ ತಮ್ಮ. ಕೊನೆಯಲ್ಲಿ ಅತ್ತೆ. ತವರಿನ ನೀರು ಅಷ್ಟು ವರ್ಷಗಳಾದ ಮೇಲೆ ಮೊದಲ ಸಲ ಅವಳ ಗಂಟಲಿಗೆ ಇಳಿಯಿತು. ಕಣ್ಣು ಮುಚ್ಚಿಕೊಂಡು ಕುಡಿದಳು. ನನಗೂ ಒಂದು ಗುಟುಕು ಎತ್ತಿ ಹುಯ್ಯಿ ಅತ್ತೆ ಎಂದು ನಾನು ಮರದ ಕೆಳಗಿಂದ ಕೇಳಿದೆ. "ನಿಂಗೆ ಬರೋ ವರ್ಷ ಕಣೆ. ಇನ್ ವರ್ಷ ವರ್ಷ ಬತ್ತೀವಲ್ಲ" ಎಂದಳು. ಅವತ್ತು ಊಟದಲ್ಲಿ ಅಣ್ಣ ತಮ್ಮ ಪಕ್ಕಪಕ್ಕ ಕೂತರು. ನನ್ನ ತಮ್ಮ ದೊಡ್ಡಪ್ಪನ ಎಲೆಯಿಂದ ಪಾಯಸ ಕಿತ್ತುಕೊಂಡು ತಿಂದ. ಅವನಿಗೆ ದೊಡ್ಡಪ್ಪ ಒಬ್ಬ ಇದ್ದಾನೆಂಬುದು ಆ ದಿನ ತಿಳಿದದ್ದು.

ಮರುದಿನ ವಾಪಸು ಹೊರಟಾಗ ಯಾರ ಗಾಡಿ ಮುಂದೆ ಎಂದು ಯಾರೂ ಕೇಳಲಿಲ್ಲ. ಅಣ್ಣ ತಮ್ಮ ಇಬ್ಬರೂ ಒಂದೇ ಗಾಡಿಯಲ್ಲಿ ಕೂತಿದ್ದರು. ಕೃಷ್ಣಗಿರಿ ಇನ್ನೂ ಕಣ್ಣಿಗೆ ಬೀಳುವ ಮೊದಲೇ ನನ್ನ ತಮ್ಮನಿಗೆ ಶುರುವಾಯಿತು. ಅವನ ಹಿಂದೆಯೇ ದೊಡ್ಡಪ್ಪನ ಸೊಸೆಗೆ. ಊರ ಹೊರಗೆ ಬಾವಿಗಳಿಗೆ ಕೆಂಪು ಪುಡಿ ಹಾಕುತ್ತಿದ್ದ ಆರೋಗ್ಯ ಇಲಾಖೆಯವನು ಗಾಡಿ ನಿಲ್ಲಿಸಿ, ಊರೊಳಗೆ ಬರಬೇಡಿ, ಇಲ್ಲೇ ತೋಪಿನಲ್ಲಿ ಇಳಿಯಿರಿ ಎಂದ. ಅವನು ಹೇಳಿದ್ದು ಸರಿಯೇ. ಮಾವಿನ ತೋಪು. ಕಾಯಿ ಹಣ್ಣಾಗುವ ಕಾಲ. ಮೇಲೆ ಹಣ್ಣಿನ ವಾಸನೆ, ಕೆಳಗೆ ಆ ವಾಸನೆ. ಅಂದಿನಿಂದ ನಾನು ಮಾವಿನ ಹಣ್ಣು ತಿಂದಿಲ್ಲ.

ಅತ್ತೆ ಒಂದು ಒಲೆ ಹೂಡಿ ನೀರು ಕಾಯಿಸುತ್ತಲೇ ಇದ್ದಳು. ಗಂಜಿಗೆ ಉಪ್ಪು ಹಾಕಿ ಒಬ್ಬೊಬ್ಬರ ಬಾಯಿಗೂ ಬಿಡುವಳು. ಅವಳಿಗೂ ವಾಂತಿಭೇದಿ ಆಗುತ್ತಿತ್ತು. ಮರದ ಹಿಂದೆ ಹೋಗಿ, ಮತ್ತೆ ಬಂದು ಸೌದೆ ಒಟ್ಟುವಳು. ಹೊರಗಾದವಳು ಎಂಬುದನ್ನೆಲ್ಲ ಬಿಟ್ಟು ನಾನೂ ಎಲ್ಲರನ್ನೂ ಮುಟ್ಟಿದೆ, ಎತ್ತಿದೆ, ತೊಳೆದೆ. ತಮ್ಮ ನನ್ನ ತೊಡೆಯ ಮೇಲೆ ಹೋದ. ಅವನ ಬೆರಳುಗಳು ನೀರಲ್ಲಿ ನೆನೆಸಿಟ್ಟಂತೆ ಸುಕ್ಕಾಗಿದ್ದವು. ದೊಡ್ಡಪ್ಪನ ಸೊಸೆ ಹೋದಳು. ಆಮೇಲೆ ದೊಡ್ಡಪ್ಪ. ಅಪ್ಪ ಅಣ್ಣನ ಪಕ್ಕದಲ್ಲೇ ಮಲಗಿದ್ದ. ಅಣ್ಣ ಎದ್ದನಾ ಎಂದು ಕೇಳಿದ, ಮಲಗಿದಾನೆ ಎಂದಳು ಅತ್ತೆ, ಸ್ವಲ್ಪ ಹೊತ್ತಿಗೆ ಅವನೂ ಹೋದ. ಸುಡಲು ಆಗಲಿಲ್ಲ. ಒಂದೇ ಗುಂಡಿಯಲ್ಲಿ ಸುಣ್ಣ ಸುರಿದು ಮುಚ್ಚಿದರು. ಬೆಂಕಿಗಾಗಿ ಅಷ್ಟು ವರ್ಷ ಮುನಿದವರಿಗೆ ಕೊನೆಗೆ ಬೆಂಕಿಯೇ ಸಿಗಲಿಲ್ಲ.

ಉಳಿದವರು ಖಾಲಿ ಗಾಡಿಗಳನ್ನು ಹೊಡೆದುಕೊಂಡು ಬಂದೆವು. ಹೊಸೂರಿನ ದಾರಿ ಬೇರೆಯಾಗುವಲ್ಲಿ ದೊಡ್ಡಪ್ಪನ ಮಗ ಗಾಡಿ ನಿಲ್ಲಿಸಿ ಅತ್ತೆಯ ಮುಂದೆ ಬಂದು ನಿಂತ. "ಕೂಡಿಸ್ತೀನಿ ಕೂಡಿಸ್ತೀನಿ ಅಂತ ಕರ್ಕೊಂಡೋಗಿ ಕೊಂದ್ಬುಟ್ಯಲ್ಲ. ಇನ್ ನಮ್ ಬಾಗಿಲ್ಗೆ ಬರ್ಬ್ಯಾಡ" ಎಂದ. ನನ್ನ ಅವ್ವ ಅವನ ಪಕ್ಕದಲ್ಲಿ ಹೋಗಿ ನಿಂತಳು. "ಹೊಳೆ ನೀರು ಕುಡಿಸ್ದೋಳು ನೀನೇ ಅತ್ಗೆ" ಎಂದಳು. ಅವ್ವ ಹೆಚ್ಚು ಮಾತಾಡುವವಳಲ್ಲ. ಗಂಡನನ್ನೂ ಮಗನನ್ನೂ ಒಂದೇ ಗುಂಡಿಯಲ್ಲಿ ಬಿಟ್ಟು ಬಂದವಳು. ಅವಳಿಗೆ ಯಾರನ್ನಾದರೂ ಬೈಯಲೇಬೇಕಿತ್ತು.

ನನಗೆ ತಡೆಯಲಾಗಲಿಲ್ಲ. ಬಾಯಿ ತೆರೆದೆ. ಅತ್ತೆ ನನ್ನ ಮೊಣಕೈ ಹಿಡಿದು ಎಷ್ಟು ಗಟ್ಟಿಯಾಗಿ ಅಮುಕಿದಳೆಂದರೆ ಅಲ್ಲಿ ಕಪ್ಪಗೆ ಕಲೆಯಾಗಿ ಉಳಿಯಿತು.

ಮನೆಗೆ ಬಂದ ಮೇಲೆ ಕೇಳಿದೆ. "ನೀರು ಕಾಯಿಸಿದ್ದೆ, ನಮ್ಮಪ್ಪನೇ ಬೇಡ ಅಂದ ಅಂತ ಯಾಕತ್ತೆ ಹೇಳ್ಲಿಲ್ಲ? ನಾನು ಕಣ್ಣಾರೆ ನೋಡಿದ್ನಲ್ಲ."

ಅವಳು ಗೋಡೆಗೆ ಒರಗಿ ಕೂತಿದ್ದಳು. ಮೈಯಲ್ಲಿ ಮೂಳೆ ಮಾತ್ರ ಉಳಿದಿತ್ತು. "ಹೇಳಿದ್ರೆ ಏನಾಯ್ತದೆ? ನಿಮ್ಮಪ್ಪನಿಂದ ನಮ್ಮಪ್ಪ ಸತ್ತ ಅಂತಾನೆ ನಿನ್ ದೊಡ್ಡಪ್ಪನ ಮಗ. ನಿಮ್ಮವ್ವನ ಬಾಗಿಲ್ಗೆ ಮಣ್ಣು ಹಾಕ್ತಾನೆ. ಮತ್ತೆ ಎರಡಾಯ್ತವೆ. ಅವ್ರಿಬ್ರೂ ಇವತ್ತು ಒಂದ್ಕಡೆ ನಿಂತವ್ರೆ, ನೋಡ್ದೇನೆ? ನನ್ ಎದುರ್ಗೇ ನಿಂತವ್ರೆ, ಆದ್ರೂ ಒಂದ್ಕಡೆ ನಿಂತವ್ರೆ."

ತನ್ನ ಅಂಗೈ ನೋಡಿಕೊಂಡು, "ಕೊಡ ತುಂಬ್ಸಿದ್ದು ನನ್ ಕೈಯೇ ಅಲ್ವಾ. ಅವ್ನು ಬ್ಯಾಡ ಅಂದ್ರೆ ಬೈದು ಕುಡಿಸ್ಬೇಕಿತ್ತು. ಎಲ್ಲಿ ಹೋಗ್ಬುಡ್ತಾನೋ ಅಂತ ಹೆದರ್ಕಂಡೆ ಕಣೆ. ನಾನು ಬದುಕಿರೋಗಂಟ ನೀನು ಬಾಯಿ ಬುಡ್ಬ್ಯಾಡ. ಸತ್ತ ಮ್ಯಾಲೂ ಬುಡ್ಬ್ಯಾಡ" ಎಂದಳು.

ಅವಳು ಹೇಳಿದ ಹಾಗೇ ಆಯಿತು. ಗಂಡಸಿಲ್ಲದ ನನ್ನ ಅವ್ವನನ್ನು ದೊಡ್ಡಪ್ಪನ ಮಗ ಅಂಚೆಟ್ಟಿಯಿಂದ ಅವಲಪಲ್ಲಿಗೆ ಕರೆದುಕೊಂಡು ಬಂದ. ದೊಡ್ಡಮ್ಮ ಮತ್ತು ಅವ್ವ ಒಂದೇ ಒಲೆಯಲ್ಲಿ ಬೇಯಿಸಿಕೊಂಡರು. ಅಪ್ಪನ ಹೊಲಕ್ಕೆ ದೊಡ್ಡಪ್ಪನ ಮಗನೇ ಹೋಗಿ ಬಿತ್ತನೆ ಮಾಡಿದ. ನಮ್ಮ ಮನೆಗೆ ಯಾರೂ ಬರಲಿಲ್ಲ. ನಾನು ಅವ್ವನನ್ನು ನೋಡಲು ಹೋದರೆ ಅವ್ವ ಜಗುಲಿಯಲ್ಲೇ ಮಾತಾಡಿಸಿ ಕಳಿಸುವಳು, ನೀರು ಬೇಕಾ ಎಂದು ಕೇಳುತ್ತಿರಲಿಲ್ಲ. ಆ ಮನೆಯಿಂದ ಈ ಮನೆಗೆ ಕೊಟ್ಟ ಮಗಳು ನಾನು ಎಂಬುದನ್ನು ಎಲ್ಲರೂ ಮರೆತಂತಿತ್ತು. ವಾಪಸು ಬಂದಾಗ ಅತ್ತೆ ಅಂಗಳದಲ್ಲೇ ಕಾಯುತ್ತಿರುವಳು. "ಇಬ್ರೂ ಒಂದೇ ಒಲೆಲಿ ಬೇಯಿಸ್ತಾವ್ರಾ?" ಎಂದು ಕೇಳುವಳು. ಹೌದು ಎಂದರೆ ಸಾಕು, ಒಳಗೆ ಹೋಗುವಳು. ಪ್ರತಿ ಸಲವೂ ಅದೇ ಪ್ರಶ್ನೆ.

ಬೆಳಿಗ್ಗೆ ಅಂಗಳದಲ್ಲಿ ನಿಂತು ಆಜ್ಞೆ ಕೊಡುವುದು ನಿಂತುಹೋಯಿತು. ಕೆಲಸ ಮಾಡುತ್ತಿದ್ದಳು, ಮಾತಿಲ್ಲ. ಎತ್ತುಗಳನ್ನೂ ಗದರುತ್ತಿರಲಿಲ್ಲ. ಒಮ್ಮೊಮ್ಮೆ ಊಟದ ನಡುವೆ ಕೈ ತೊಳೆದು ಎದ್ದುಬಿಡುವಳು. ಒಂದು ಸಲ ಮಾತ್ರ, ನನ್ನ ಮೊದಲ ಮಗು ಹುಟ್ಟಿದಾಗ, ಅದರ ಮುಖ ನೋಡಿ, "ಇದಕ್ಕೊಬ್ಬ ಸೋದರಮಾವ ಇರ್ಬೇಕಿತ್ತು" ಎಂದು ಜೋರಾಗಿ ಅತ್ತಳು. ನನ್ನ ತಮ್ಮನಿಗಾಗಿ ಅತ್ತದ್ದು. ನನಗೂ ಅಳು ಬಂತು. ನನ್ನ ಗಂಡ ಏನಾಯಿತೋ ಎಂದು ಓಡಿಬಂದ. ಅವನಿಗೂ ಆ ಹಂಡೆಯ ಮಾತು ನಾವು ಹೇಳಿರಲಿಲ್ಲ. ಹಸು ಈದಿದ್ದರಿಂದ ಅವನು ಅವತ್ತು ನಮ್ಮ ಜೊತೆ ಬಂದಿರಲಿಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲಿನ ಒಂದು ಚಳಿಗಾಲ. ಅತ್ತೆ ಹಾಸಿಗೆ ಹಿಡಿದು ಬಹಳ ದಿನ ಇರಲಿಲ್ಲ. ಬೆಳಗಾಗುವ ಹೊತ್ತಿಗೆ ಹೋದಳು. ಅವಲಪಲ್ಲಿಗೆ ಆಳು ಕಳಿಸಿದೆವು. ನಮ್ಮ ಕಡೆ ಮುತ್ತೈದೆಯಾಗಲಿ ವಿಧವೆಯಾಗಲಿ, ಹೆಂಗಸು ಸತ್ತರೆ ತವರಿನವರು ಬಂದು ಸೀರೆ ಹೊದಿಸಬೇಕು. ಅದು ಬರುವವರೆಗೆ ಹೆಣ ಎತ್ತುವುದಿಲ್ಲ. ಎಂಥ ಬಡವರೂ ಒಂದು ಹಳೇ ಸೀರೆಯನ್ನಾದರೂ ತರುತ್ತಾರೆ. ತವರಿಲ್ಲದವಳಾಗಿ ಹೋಗಬಾರದು ಎಂದು.

ಆಳು ಮಧ್ಯಾಹ್ನದ ಹೊತ್ತಿಗೆ ಬಂದ. ತಲೆ ತಗ್ಗಿಸಿ ನನ್ನ ಗಂಡನ ಹತ್ತಿರ ಏನೋ ಹೇಳಿದ. ಬರುವುದಿಲ್ಲವಂತೆ. ನನ್ನ ಅವ್ವನೂ ಬರುವುದಿಲ್ಲವಂತೆ. ಊರ ಹಿರಿಯರು ಅಂಗಳದಲ್ಲಿ ಕೂತಿದ್ದರು, ಚಟ್ಟ ಕಟ್ಟಿ ಆಗಿತ್ತು. ಇನ್ನೆಷ್ಟು ಹೊತ್ತು ಎಂದು ಯಾರೋ ಗೊಣಗಿದರು.

ಆಗ ನನ್ನ ನಾಲಿಗೆಯ ತುದಿಗೆ ಬಂತು. ನಾನೇ ಅವಲಪಲ್ಲಿಗೆ ಹೋಗಿ ಅವರ ಬಾಗಿಲಲ್ಲಿ ನಿಂತು, ಅವಳು ನೀರು ಕಾಯಿಸಿದ್ದಳು, ಬೇಡ ಅಂದವನು ನನ್ನ ಅಪ್ಪ ಎಂದು ಹೇಳಿದರೆ ಸಾಕಿತ್ತು. ಓಡಿಬರುತ್ತಿದ್ದರು. ಆ ಸಂಜೆಯೇ ಆ ಮನೆಯಲ್ಲಿ ಎರಡು ಒಲೆ ಉರಿಯುತ್ತಿತ್ತು. ನಾನು ಕಂಬಕ್ಕೆ ಒರಗಿ ಅತ್ತೆಯ ಮುಖ ನೋಡುತ್ತಾ ನಿಂತೆ. ಎಷ್ಟು ಹೊತ್ತು ನಿಂತೆನೋ. ನುಂಗಿಕೊಂಡೆ. ಇವತ್ತು ಆ ಎರಡೂ ಮನೆಯಲ್ಲಿ ಆಗಿನವರು ಯಾರೂ ಉಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅವಳ ಮಾತು ಮುರಿದೆನೋ ಏನೋ, ಗೊತ್ತಿಲ್ಲ. ಇಷ್ಟು ದೊಡ್ಡದನ್ನು ಅವಳ ಜೊತೆಗೇ ಮಣ್ಣಿಗೆ ಹಾಕಲು ನನ್ನಿಂದ ಆಗಲಿಲ್ಲ.

ಒಳಗೆ ಹೋಗಿ ಪೆಟ್ಟಿಗೆ ತೆಗೆದೆ. ನನ್ನ ಮದುವೆಯಲ್ಲಿ ಅಪ್ಪ ಕೊಡಿಸಿದ ಕೆಂಪಂಚಿನ ಹಸಿರು ಸೀರೆ ಅದರಲ್ಲಿತ್ತು. ವಿಧವೆಗೆ ಆ ಬಣ್ಣ ಆಗದು ಎಂದು ಯಾರಾದರೂ ಅಂದರೆ ಅನ್ನಲಿ ಎಂದುಕೊಂಡೆ. ಸೀರೆಯನ್ನು ಎದೆಗೆ ಒತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೊರಬಿದ್ದೆ. ಕಣದ ಹಿಂದೆ ಸುತ್ತಿ ಬೀದಿಗೆ ಬಂದೆ. ಬೀದಿಯ ತುದಿಯಿಂದ, ತವರಿನವರು ಅಳುತ್ತಾ ಬರುವ ಹಾಗೆಯೇ ಜೋರಾಗಿ ಅಳುತ್ತಾ ಬಂದೆ. ನಾಟಕವಲ್ಲ, ಅಳು ತಾನಾಗಿಯೇ ಬಂತು. ಅಂಗಳದಲ್ಲಿ ಕೂತಿದ್ದವರು ಎದ್ದು ದಾರಿ ಬಿಟ್ಟರು. ನನ್ನ ಗಂಡ ನನ್ನನ್ನು ನೋಡಿ ಪಕ್ಕಕ್ಕೆ ಸರಿದ.

ಹೆಣದ ತಲೆಯ ಹತ್ತಿರ ನಿಂತಿದ್ದ ಹಿರಿಯ ಪದ್ಧತಿಯಂತೆ ಕೇಳಿದ, "ತವರಿಂದ ಯಾರು ಬಂದವ್ರೆ?"

"ನಾನು," ಎಂದೆ. "ಇವಳ ಕಿರಿ ತಮ್ಮನ ಮಗಳು." ಸೀರೆ ಬಿಡಿಸಿ ಅತ್ತೆಗೆ ಹೊದಿಸಿದೆ.